‘ಇಲ್ಲ’ ಎಂದವಳ ಮಾತು: ಆರಂಭಕಾಲದ ಮನೋವಿಶ್ಲೇಷಣೆ ಹೆಣ್ತನವನ್ನು ಓದಿದ ಬಗೆ

ಕಿಟಕಿಬೆಳಕು (ಚರ್ಚೆಯ ಆರಂಭ)

ಸಿದ್ಧಾಂತಕ್ಕೆ ಹೋಗುವ ಮೊದಲು ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. 1900ರ ಅಕ್ಟೋಬರಿನಲ್ಲಿ, 18 ತುಂಬಲಿದ್ದ ಇಡಾ ಬವರ್ ಎಂಬಾಕೆಯನ್ನು ಅವಳ ತಂದೆ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡರ ಚಿಕಿತ್ಸೆಗೆ ಒಪ್ಪಿಸಿದರು; ರೋಗಿಯ ಮಾತನ್ನು ಕೇಳುತ್ತ ಅವರ ಸುಪ್ತಮನಸ್ಸನ್ನು ಓದುವ ಮನೋವಿಶ್ಲೇಷಣೆ ಎಂಬ ಪದ್ಧತಿಯನ್ನು ಕಟ್ಟಿದ ವೈದ್ಯರು ಇವರೇ. ಅವಳಿಗೆ ಬಿಡದ ಕೆಮ್ಮಿತ್ತು, ವಾರಗಟ್ಟಲೆ ದನಿ ಕಟ್ಟಿಹೋಗುತ್ತಿತ್ತು, ಬದುಕು ಸಾಕೆಂದು ಚೀಟಿ ಬರೆದಿಟ್ಟಿದ್ದಳು. ತಂದೆಗೆ ತಮ್ಮ ಸ್ನೇಹಿತನೊಬ್ಬನ ಹೆಂಡತಿಯೊಂದಿಗೆ ಸಂಬಂಧವಿತ್ತು. ಆ ಸ್ನೇಹಿತ ಇಡಾಳ ಬೆನ್ನು ಬಿದ್ದಿದ್ದ. ತನ್ನ ಅಂಗಡಿಯಲ್ಲಿ ಅವಳು ಒಬ್ಬಳೇ ಸಿಗುವಂತೆ ಹೊಂಚಿ ಬಿಗಿದಪ್ಪಿ ಮುತ್ತಿಟ್ಟಾಗ ಅವಳಿಗೆ 14 ವರ್ಷವೆಂದು ಫ್ರಾಯ್ಡ್ ಬರೆಯುತ್ತಾರೆ. ಹುಟ್ಟಿದ ದಿನದಿಂದ ಲೆಕ್ಕ ಹಾಕಿದವರು 13 ಎನ್ನುತ್ತಾರೆ. ಅವಳು ಹೇಸಿ ಓಡಿಹೋದಳು. ಮುಂದೊಮ್ಮೆ ಸರೋವರದ ದಂಡೆಯಲ್ಲಿ ಅವನು ಮತ್ತೆ ಪ್ರಸ್ತಾಪವೆತ್ತಿದಾಗ ಕೆನ್ನೆಗೆ ಹೊಡೆದಳು. ಮನೆಯಲ್ಲಿ ಹೇಳಿದರೆ, ಅದೆಲ್ಲ ಅವಳ ಕಲ್ಪನೆ ಎಂದು ತಂದೆ ತಳ್ಳಿಹಾಕಿದರು. ಇವಳಿಗೆ ಸ್ವಲ್ಪ ಬುದ್ಧಿ ಬರಿಸಿ ಎಂದು ವೈದ್ಯರನ್ನು ಕೇಳಿಕೊಂಡರು.

ಇಲ್ಲಿ ಫ್ರಾಯ್ಡರಿಗೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು: ಅವರು ಹುಡುಗಿಯನ್ನು ನಂಬಿದರು. ನಡೆದದ್ದು ನಿಜವೆಂದೇ ತೀರ್ಮಾನಿಸಿದರು. ಆದರೆ ಅದರ ಮುಂದಿನ ಹೆಜ್ಜೆಯಲ್ಲಿ ಎಲ್ಲವೂ ತಲೆಕೆಳಗಾಯಿತು. ಆರೋಗ್ಯವಂತ ಹುಡುಗಿಯಾಗಿದ್ದರೆ ಆ ಅಪ್ಪುಗೆಯಲ್ಲಿ ಕಾಮದ ಪುಳಕ ಮೂಡಬೇಕಿತ್ತು, ಹೇಸಿಗೆ ಮೂಡಿದ್ದೇ ಹಿಸ್ಟೀರಿಯಾದ (ಮನಸ್ಸಿನ ತೊಳಲಾಟ ದೇಹದ ಕಾಯಿಲೆಯಾಗಿ ತೋರುತ್ತದೆ ಎನ್ನಲಾಗುತ್ತಿದ್ದ ರೋಗದ) ಲಕ್ಷಣ ಎಂದು ಅವರು ಬರೆದರು. ಅವಳು ಆ ಮನುಷ್ಯನನ್ನು ಒಳಗೊಳಗೇ ಪ್ರೀತಿಸುತ್ತಿದ್ದಾಳೆಂದು ವಿವರಿಸಿದರು. ಅವಳು ಅಲ್ಲವೆಂದಾಗ, ಸುಪ್ತಮನಸ್ಸಿನಲ್ಲಿ ‘ಇಲ್ಲ’ ಎಂಬುದೇ ಇರುವುದಿಲ್ಲ, ರೋಗಿಯ ಬಾಯಿಂದ ಬಂದ ‘ಇಲ್ಲ’ವು ದಮನ, ಎಂದರೆ ಒಪ್ಪಲಾಗದ ಬಯಕೆಯನ್ನು ಒಳಗೇ ಅದುಮಿಡುವುದು, ಎಷ್ಟು ಬಿಗಿಯಾಗಿದೆ ಎಂಬುದನ್ನಷ್ಟೇ ತೋರಿಸುತ್ತದೆ ಎಂದರು. ಆ ವರ್ಷದ ಡಿಸೆಂಬರ್ 31ರಂದು, ಕೇವಲ ಹನ್ನೊಂದು ವಾರಗಳ ನಂತರ, ಅವಳು ಚಿಕಿತ್ಸೆಯನ್ನು ಕೈಬಿಟ್ಟು ಎದ್ದುಹೋದಳು. 1905ರಲ್ಲಿ ಈ ಪ್ರಕರಣ ‘ಡೋರಾ’ ಎಂಬ ಮರೆಹೆಸರಿನಲ್ಲಿ ಪ್ರಕಟವಾಯಿತು.

ಶಿಶ್ನಾಸೂಯೆ (ತನಗೆ ಶಿಶ್ನವಿಲ್ಲವೆಂದು ಹೆಣ್ಣು ಕರುಬುತ್ತಾಳೆಂಬುದು), ಹೆಣ್ಣಿನ ದುರ್ಬಲ ಸೂಪರ್ ಈಗೋ (ಮನಸ್ಸಿನೊಳಗಿನ ನೀತಿಪ್ರಜ್ಞೆ), ಸ್ವಭಾವಸಿದ್ಧ ಎನ್ನಲಾದ ಸ್ವಪೀಡನೆ (ನೋವಿನಲ್ಲೇ ಸುಖ ಕಾಣುವುದು) ಮುಂತಾದ ಪ್ರಸಿದ್ಧ ಕಲ್ಪನೆಗಳ ಬಗ್ಗೆ ನಾವು ಹೆಚ್ಚು ಮಾತಾಡುತ್ತೇವೆ. ನನ್ನ ಮಟ್ಟಿಗೆ ಅವೆಲ್ಲ ಆಮೇಲಿನ ಮಾತು. ಬೇರು ಇರುವುದು ಡೋರಾಳ ಕೋಣೆಯಲ್ಲಿ. ಹೆಣ್ಣಿನ ಮಾತಿಗೆ ಗಂಟೆಗಟ್ಟಲೆ ಕಿವಿಗೊಡುವುದನ್ನೇ ವೈದ್ಯವಾಗಿಸಿದ ಒಂದು ಪದ್ಧತಿ, ಅವಳು ಒಪ್ಪದಿದ್ದ ಕ್ಷಣದಲ್ಲಿ ಅವಳ ಅಸಮ್ಮತಿಯನ್ನೇ ತನ್ನ ಪುರಾವೆಯ ಖಾತೆಗೆ ಹಾಕಿಕೊಂಡಿತು. ಕೇಳುವುದನ್ನು ಕಲಿಸಿದವರು ಎಲ್ಲಿ ಕೇಳುವುದನ್ನು ನಿಲ್ಲಿಸಿದರು ಎಂಬುದು ನನ್ನ ಪ್ರಶ್ನೆ. ಓದಿಕೊಂಡವರು ಬರೆಯಬೇಕೆಂದು ಕೋರುತ್ತೇನೆ.

ತುಂಗಾತೀರ

ಮನಶ್ಶಾಸ್ತ್ರವನ್ನು ಬಹಳ ವರ್ಷ ಕಲಿಸಿದವನಾಗಿ ಎರಡು ಮಾತು ಹೇಳಬೇಕು. ಡೋರಾ ಪ್ರಕರಣದಲ್ಲಿ ಫ್ರಾಯ್ಡ್ ಎಡವಿದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವರೂ ಪೂರ್ತಿ ಅಲ್ಲಗಳೆಯಲಿಲ್ಲ. ವರ್ಗಾವಣೆಯನ್ನು, ಎಂದರೆ ರೋಗಿಯು ಹಿಂದಿನ ಸಂಬಂಧಗಳ ಭಾವವನ್ನು ವೈದ್ಯನ ಮೇಲೆ ಹೊರಿಸುವುದನ್ನು, ತಾವು ಸಕಾಲದಲ್ಲಿ ಗುರುತಿಸಲಿಲ್ಲವೆಂದು ಅವರೇ ಬರೆದಿದ್ದಾರೆ. ಹುಡುಗಿಗೆ ಆ ಸ್ನೇಹಿತನ ಹೆಂಡತಿಯ ಮೇಲೆ ಇದ್ದ ಆಳವಾದ ಒಲವನ್ನು ತಾವು ಕಾಣದೆ ಹೋದದ್ದನ್ನೂ ಅಡಿಟಿಪ್ಪಣಿಯಲ್ಲಿ ಒಪ್ಪಿದ್ದಾರೆ. ತಮ್ಮ ಸೋಲನ್ನೇ ಅಚ್ಚು ಹಾಕಿಸಿದ ವೈದ್ಯರು ಆ ಕಾಲದಲ್ಲಿ ಹೆಚ್ಚಿರಲಿಲ್ಲ.

ಎರಡನೆಯದು, ಅವರ ಬರವಣಿಗೆ ನಾವು ಉದ್ಧರಿಸುವ ಸಾಲುಗಳಿಗಿಂತ ದೊಡ್ಡದು. ಲೈಂಗಿಕತೆಯ ಕುರಿತ ಮೂರು ಪ್ರಬಂಧಗಳಿಗೆ 1915ರಲ್ಲಿ ಸೇರಿಸಿದ ಟಿಪ್ಪಣಿಯೊಂದರಲ್ಲಿ ‘ಗಂಡು’, ‘ಹೆಣ್ಣು’ ಎಂಬ ಪದಗಳು ವಿಜ್ಞಾನದಲ್ಲೇ ಅತ್ಯಂತ ಗೊಂದಲದವು, ಅವಕ್ಕೆ ಕನಿಷ್ಠ ಮೂರು ಬೇರೆ ಬೇರೆ ಅರ್ಥಗಳಿವೆ, ಶುದ್ಧ ಗಂಡುತನವಾಗಲಿ ಶುದ್ಧ ಹೆಣ್ತನವಾಗಲಿ ಯಾವ ಮನುಷ್ಯರಲ್ಲೂ ಸಿಗುವುದಿಲ್ಲ ಎಂದಿದ್ದಾರೆ. 1933ರ ಹೆಣ್ತನದ ಉಪನ್ಯಾಸದಲ್ಲಿ, ಹೆಣ್ಣನ್ನು ನಿಷ್ಕ್ರಿಯತೆಗೆ ದೂಡುವ ಸಾಮಾಜಿಕ ಕಟ್ಟಳೆಗಳನ್ನು ಕಡೆಗಣಿಸಬಾರದೆಂದು ಎಚ್ಚರಿಸಿದ್ದಾರೆ. 1935ರಲ್ಲಿ ಅಮೆರಿಕದ ತಾಯಿಯೊಬ್ಬರಿಗೆ ಬರೆದ ಕಾಗದದಲ್ಲಿ ಸಲಿಂಗಪ್ರೇಮ ರೋಗವಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದರು. 1910ರಲ್ಲಿ ವಿಯೆನ್ನಾದ ಮನೋವಿಶ್ಲೇಷಣಾ ಸಂಘಕ್ಕೆ ಹೆಂಗಸರನ್ನು ಸೇರಿಸಿಕೊಳ್ಳಬಾರದೆಂಬ ವಾದ ಬಂದಾಗ, ತಾತ್ವಿಕವಾಗಿ ಅವರನ್ನು ಹೊರಗಿಡುವುದು ನಮ್ಮ ನಿಲುವಿಗೇ ವಿರುದ್ಧವೆಂದು ಫ್ರಾಯ್ಡ್ ಹೇಳಿದರು. ಅದೇ ವರ್ಷ ವೈದ್ಯೆ ಮಾರ್ಗರೆಟೆ ಹಿಲ್ಫರ್ಡಿಂಗ್ ಸದಸ್ಯೆಯಾದರು.

‘ಇಲ್ಲ’ ಎಂಬುದರ ಬಗ್ಗೆಯೂ ಅವರು ಮತ್ತೆ ಯೋಚಿಸಿದರು. 1937ರ ಪ್ರಬಂಧವೊಂದರಲ್ಲಿ ನೀವು ಎತ್ತಿದ ಆಕ್ಷೇಪವನ್ನೇ, ನಾಣ್ಯ ಯಾವ ಕಡೆ ಬಿದ್ದರೂ ವಿಶ್ಲೇಷಕನದೇ ಗೆಲುವು ಎಂಬ ದೂರನ್ನೇ, ಮೊದಲು ಮುಂದಿಟ್ಟುಕೊಂಡು ಉತ್ತರಿಸಲು ಯತ್ನಿಸಿದ್ದಾರೆ. ರೋಗಿಯ ‘ಹೌದು’ ಕೂಡ ತಾನಾಗಿಯೇ ಪುರಾವೆಯಲ್ಲ, ಪರೋಕ್ಷವಾದ ಸಾಕ್ಷ್ಯ ಬೇಕು ಎಂಬುದು ಅವರ ವಾದ. 1905ರ ಒಂದು ಪುಟವನ್ನು ಇಟ್ಟುಕೊಂಡು ಮೂವತ್ತು ವರ್ಷಗಳ ಚಿಂತನೆಯನ್ನು ಅಳೆಯುವುದು ನ್ಯಾಯವಲ್ಲ.

ಹೊಂಗೆನೆರಳು

ತುಂಗಾತೀರ ಅವರ ಟಿಪ್ಪಣಿಗಳೆಲ್ಲ ಸರಿಯಾಗಿವೆ. ಆದರೂ ಅವು ಒಂದು ಮುಖ್ಯ ಸಂಗತಿಯನ್ನು ಬಿಡುತ್ತವೆ: ಎಚ್ಚರಿಕೆಯ ಮಾತುಗಳು ಟಿಪ್ಪಣಿಯಲ್ಲಿ ಉಳಿದವು, ಸಿದ್ಧಾಂತ ಮಾತ್ರ ಬೇರೆಯೇ ದಾರಿ ಹಿಡಿಯಿತು. 1925ರ ಸೆಪ್ಟೆಂಬರಿನಲ್ಲಿ ಬಾಡ್ ಹೋಂಬುರ್ಗ್ ಊರಿನ ಸಮ್ಮೇಳನದಲ್ಲಿ ಓದಲಾದ ಲೇಖನವನ್ನು ನೋಡಿ. ಹೆಣ್ಣುಮಗು ತನಗಿಲ್ಲದ್ದನ್ನು ಕಂಡ ಕ್ಷಣದಲ್ಲೇ ತೀರ್ಮಾನಕ್ಕೆ ಬರುತ್ತದೆ, ಅದು ತನಗೆ ಬೇಕೆನ್ನುತ್ತದೆ, ತಾಯಿಯನ್ನು ದೂರುತ್ತದೆ, ಕೊನೆಗೆ ಶಿಶ್ನದ ಬದಲಿಗೆ ತಂದೆಯಿಂದ ಮಗುವನ್ನು ಬಯಸುತ್ತದೆ ಎಂಬುದು ಅಲ್ಲಿನ ಕಥೆ. ಅದರ ಕೊನೆಯಲ್ಲಿ, ಹೇಳಲು ಹಿಂಜರಿಯುತ್ತೇನೆ ಎನ್ನುತ್ತಲೇ, ನೀತಿಯ ಮಟ್ಟ ಹೆಣ್ಣಿಗೆ ಬೇರೆ, ಅವಳ ಸೂಪರ್ ಈಗೋ ಗಂಡಿನದರಷ್ಟು ಕಠಿಣವೂ ನಿರ್ಲಿಪ್ತವೂ ಆಗುವುದಿಲ್ಲ ಎಂದು ಫ್ರಾಯ್ಡ್ ಹೇಳುತ್ತಾರೆ. ಸ್ತ್ರೀವಾದಿಗಳ ನಿರಾಕರಣೆಗೆ ನಾವು ಜಗ್ಗಬಾರದು ಎಂದೂ ಸೇರಿಸುತ್ತಾರೆ. ದವಡೆಯ ಕ್ಯಾನ್ಸರಿನಿಂದ ನರಳುತ್ತಿದ್ದ ಅವರ ಪರವಾಗಿ ಈ ಲೇಖನವನ್ನು ವೇದಿಕೆಯಲ್ಲಿ ಓದಿದವರು ಮಗಳು ಅನ್ನಾ ಫ್ರಾಯ್ಡ್. ಹೆಣ್ಣಿನ ನೈತಿಕ ಪ್ರಜ್ಞೆ ಒಂದು ಕೈ ಕಡಿಮೆ ಎಂಬ ಮಾತನ್ನು ತಂದೆಯ ಕಾಹಿಲೆಯ ಹೊಣೆ ಹೊತ್ತ ಮಗಳು ಓದುತ್ತಿರುವ ಆ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಟೀಕೆಗಳೆಲ್ಲ 1970ರ ಸ್ತ್ರೀವಾದ ಬಂದ ಮೇಲಿನವು ಎಂಬ ತಪ್ಪು ತಿಳಿವಳಿಕೆಯಿದೆ. ಹಾಗಲ್ಲ. ಮೊದಲ ಉತ್ತರ ಬಂದದ್ದು ಒಳಮನೆಯಿಂದಲೇ. 1885ರಲ್ಲಿ ಹಾಂಬುರ್ಗ್ ಸಮೀಪ ಹುಟ್ಟಿದ ಕರೆನ್ ಹಾರ್ನೈ ಬರ್ಲಿನ್ನಿನ ವೈದ್ಯೆ. ವಿಶ್ಲೇಷಕ ಕಾರ್ಲ್ ಅಬ್ರಹಾಮರ ಬಳಿ ತಾವೇ ವಿಶ್ಲೇಷಣೆಗೆ ಒಳಗಾದವರು. ಹೆಣ್ಣಿನ ಕೊರತೆಯ ಭಾವವನ್ನು ಅಬ್ರಹಾಮ್ ವಿಸ್ತಾರವಾಗಿ ಬರೆದ ಮೇಲೆ, 1922ರ ಬರ್ಲಿನ್ ಸಮ್ಮೇಳನದಲ್ಲಿ ಫ್ರಾಯ್ಡರ ಎದುರಿನಲ್ಲೇ ಹಾರ್ನೈ ಪ್ರತಿವಾದ ಮಂಡಿಸಿದರು. ಮನುಕುಲದ ಅರ್ಧಭಾಗವು ತನ್ನ ಲಿಂಗದ ಬಗ್ಗೆ ಅತೃಪ್ತವಾಗಿದೆ ಎಂಬುದು ಗಂಡಿನ ಆತ್ಮಪ್ರೀತಿಗೆ ಸಹಜವಾಗಿ ತೋರಬಹುದು, ಜೀವವಿಜ್ಞಾನಕ್ಕಲ್ಲ ಎಂಬುದು ಅವರ ತಕರಾರು.

1926ರ ಲೇಖನ ಇನ್ನೂ ಹರಿತವಾದದ್ದು. ಅದರಲ್ಲಿ ಅವರು ಒಂದು ಸರಳ ಹೋಲಿಕೆ ಮಾಡುತ್ತಾರೆ. ಒಂದು ಕಡೆ ನಾಲ್ಕೈದು ವರ್ಷದ ಗಂಡುಹುಡುಗ ಹೆಣ್ಣುಮಕ್ಕಳ ಬಗ್ಗೆ ಏನೆಂದುಕೊಳ್ಳುತ್ತಾನೆ ಎಂಬುದನ್ನು ಬರೆಯುತ್ತಾರೆ: ಎಲ್ಲರಿಗೂ ನನ್ನಂಥದ್ದೇ ಇರಬೇಕು, ಇವಳಿಗೆ ಇಲ್ಲವಲ್ಲ, ಯಾರೋ ಕತ್ತರಿಸಿರಬೇಕು, ಇವಳು ಶಿಕ್ಷೆಗೆ ಒಳಗಾದವಳು, ನನಗಿಂತ ಕೀಳು, ಈ ನಷ್ಟವನ್ನು ಇವಳು ಹೇಗೆ ತಾನೇ ಸಹಿಸಿಯಾಳು, ನನ್ನದನ್ನು ಕಂಡು ಹೊಟ್ಟೆಕಿಚ್ಚು ಪಡದೆ ಇದ್ದಾಳೆಯೇ? ಇನ್ನೊಂದು ಕಡೆ ಹೆಣ್ಣಿನ ಬೆಳವಣಿಗೆಯ ಬಗ್ಗೆ ಮನೋವಿಶ್ಲೇಷಣೆ ಹೇಳುವುದನ್ನು ಬರೆಯುತ್ತಾರೆ. ಎರಡೂ ಒಂದೊಂದು ಅಂಶದಲ್ಲೂ ತಾಳೆಯಾಗುತ್ತವೆ. ಪ್ರೌಢ ವಿಜ್ಞಾನವೆಂದು ಕರೆಸಿಕೊಂಡದ್ದು ಗಂಡುಮಗುವಿನ ಕಲ್ಪನೆಯನ್ನೇ ಪರಿಭಾಷೆಯಲ್ಲಿ ಮತ್ತೆ ಬರೆದಿದೆ ಎಂಬುದನ್ನು ಇಷ್ಟು ಸೌಮ್ಯವಾಗಿ, ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಇನ್ನೊಂದು ಬರಹವನ್ನು ನಾನು ಓದಿಲ್ಲ. ಜೊತೆಗೆ, ತಮ್ಮಲ್ಲಿಗೆ ಬಂದ ಗಂಡಸರಲ್ಲಿ ಬಸಿರು, ಹೆರಿಗೆ, ಮೊಲೆಯೂಡುವುದರ ಬಗ್ಗೆ ತಾವು ಕಂಡ ತೀವ್ರ ಅಸೂಯೆಯನ್ನೂ ಅವರು ದಾಖಲಿಸುತ್ತಾರೆ. ಶಿಶ್ನಾಸೂಯೆಗೆ ಸಿದ್ಧಾಂತದಲ್ಲಿ ಸಿಂಹಾಸನ ಸಿಕ್ಕಿತು, ಗರ್ಭಾಸೂಯೆಗೆ ಚಾಪೆಯೂ ಸಿಗಲಿಲ್ಲ.

ಇದಕ್ಕೆ ಫ್ರಾಯ್ಡರ ಉತ್ತರವೇನು? ಕೊನೆಯ ದಿನಗಳಲ್ಲಿ ಬರೆದು ಅಪೂರ್ಣವಾಗಿ ಉಳಿದ, ಅವರು ತೀರಿಕೊಂಡ ಮೇಲೆ 1940ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಮಾತಿದೆ: ತನ್ನಲ್ಲೇ ಇರುವ ಶಿಶ್ನದ ಬಯಕೆಯ ತೀವ್ರತೆ ಮನವರಿಕೆಯಾಗದ ವಿಶ್ಲೇಷಕಿಯು ತನ್ನ ರೋಗಿಗಳಲ್ಲಿಯೂ ಅದಕ್ಕೆ ತಕ್ಕ ಮಹತ್ವ ಕೊಡದಿದ್ದರೆ ನಮಗೇನೂ ಅಚ್ಚರಿಯಾಗದು. ಹೆಸರಿಲ್ಲದಿದ್ದರೂ ಇದು ಹಾರ್ನೈಯವರನ್ನು ಕುರಿತದ್ದೆಂದೇ ಓದಲಾಗಿದೆ. 1900ರಲ್ಲಿ ಹದಿಹರೆಯದ ರೋಗಿಗೆ ಸಿಕ್ಕ ಉತ್ತರವೇ, ಮೂವತ್ತೆಂಟು ವರ್ಷಗಳ ನಂತರ, ನುರಿತ ಸಹೋದ್ಯೋಗಿಗೂ ಸಿಕ್ಕಿತು. ಆದ್ದರಿಂದ 1905ರ ಒಂದು ಪುಟದಿಂದ ಅಳೆಯಬೇಡಿ ಎಂಬ ಮಾತನ್ನು ನಾನು ಒಪ್ಪಲಾರೆ. ಮೊದಲ ಪುಟವೂ ಕೊನೆಯ ಪುಟವೂ ಒಂದೇ ಮಾತನ್ನು ಹೇಳುತ್ತಿವೆ.

ಹಳೆಪುಟ

ಹಾರ್ನೈ ಒಬ್ಬರೇ ಎದುರಾಡಿದರು, ಉಳಿದ ಹೆಂಗಸರು ಒಪ್ಪಿದರಲ್ಲವೇ? ವಿಶ್ಲೇಷಕಿ ಹೆಲೆನ್ ಡಾಯ್ಚ್ 1944 ಮತ್ತು 1945ರಲ್ಲಿ ಎರಡು ಸಂಪುಟ ಬರೆದು ನಿಷ್ಕ್ರಿಯತೆ, ಸ್ವಪೀಡನೆ, ಆತ್ಮಪ್ರೀತಿ ಇವೇ ಹೆಣ್ತನದ ತಿರುಳೆಂದರು. ಹೆಂಗಸರೇ ಹೇಳಿದ್ದನ್ನು ಗಂಡಸರ ಪೂರ್ವಗ್ರಹವೆಂದು ಕರೆಯಬಹುದೇ?

ಹೊಂಗೆನೆರಳು

ಹೇಳಿದವರು ಯಾರೆಂಬುದರಿಂದ ಮಾತು ನಿಜವಾಗುವುದಿಲ್ಲ, ಸುಳ್ಳೂ ಆಗುವುದಿಲ್ಲ. ಸ್ವಪೀಡನೆ ಹೆಣ್ಣಿನ ದೇಹದಲ್ಲೇ ಬೇರೂರಿದೆ ಎಂಬ ಡಾಯ್ಚ್ ಅವರ ನಿಲುವಿಗೆ 1935ರಲ್ಲೇ ಹಾರ್ನೈ ಕೊಟ್ಟ ಉತ್ತರ ವಿಧಾನದ ಬಗ್ಗೆಯೇ ಇತ್ತು: ನರರೋಗದಿಂದ ಬಳಲುವ ಕೆಲವು ಹೆಂಗಸರಲ್ಲಿ ಕಂಡದ್ದನ್ನು ಎಲ್ಲ ಹೆಂಗಸರಿಗೆ ವಿಸ್ತರಿಸುವ ಮೊದಲು, ಬೇರೆ ಬೇರೆ ಸಮಾಜಗಳಲ್ಲಿ ಅದು ಇದೆಯೇ ಎಂದು ನೋಡಬೇಕು; ಹೊರಗಿನ ಬದುಕಿಗೆ ದಾರಿ ಮುಚ್ಚಿರುವುದು, ಹಣಕ್ಕೆ ಗಂಡಸರನ್ನೇ ಅವಲಂಬಿಸಬೇಕಾದದ್ದು ಇಂಥವುಗಳಿಂದ ಅದು ಹುಟ್ಟುತ್ತದೆಯೇ ಎಂದು ಪರೀಕ್ಷಿಸಬೇಕು. ಡಾಯ್ಚ್ ಸ್ವತಃ ವೈದ್ಯಕೀಯ ಪದವಿ ಪಡೆದು, ಸಂಸ್ಥೆ ನಡೆಸಿ, 97ನೆಯ ವಯಸ್ಸಿನವರೆಗೆ ಬದುಕಿದವರು. ಅವರ ಬಾಳು ಅವರ ಪುಸ್ತಕಕ್ಕಿಂತ ವಿಶಾಲವಾಗಿತ್ತೆಂದು ನಾನು ಗೌರವದಿಂದಲೇ ಹೇಳುತ್ತೇನೆ.

ಸೂಲಗಿತ್ತಿಯ ಮೊಮ್ಮಗಳು

ನಾನು ಸ್ತ್ರೀರೋಗ ವೈದ್ಯೆ. ಈ ಸಿದ್ಧಾಂತ ಬರಿಯ ಪುಸ್ತಕದಲ್ಲಿ ಉಳಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 1905ರ ಮೂರು ಪ್ರಬಂಧಗಳಲ್ಲಿ ಫ್ರಾಯ್ಡ್ ಒಂದು ನಿಯಮ ಹಾಕಿದರು: ಹೆಣ್ಣುಮಗುವಿನ ಸುಖದ ಕೇಂದ್ರ ಭಗಾಂಕುರ, ಅದು ಗಂಡು ಸ್ವಭಾವದ್ದು, ಹೆಣ್ಣು ಪೂರ್ಣ ಹೆಣ್ಣಾಗಬೇಕಾದರೆ ಆ ಸಂವೇದನೆ ಯೋನಿಗೆ ವರ್ಗವಾಗಬೇಕು, ಆಗದಿದ್ದರೆ ನರರೋಗಕ್ಕೆ, ಹಿಸ್ಟೀರಿಯಾಕ್ಕೆ ದಾರಿ. ಈ ವರ್ಗಾವಣೆಯನ್ನು ಯಾರೂ ದೇಹದಲ್ಲಿ ಕಂಡಿರಲಿಲ್ಲ. ಸಿದ್ಧಾಂತಕ್ಕೆ ಬೇಕಿತ್ತು, ಆದ್ದರಿಂದ ಇದೆಯೆಂದಾಯಿತು.

ನನಗೆ ಹೆಚ್ಚು ನೋವು ಕೊಡುವುದು ಮಾರೀ ಬೊನಾಪಾರ್ಟ್ ಅವರ ಕಥೆ. ಫ್ರಾಯ್ಡರ ಶಿಷ್ಯೆ, ನೆಪೋಲಿಯನ್ ವಂಶದ ರಾಜಕುಮಾರಿ, 1938ರಲ್ಲಿ ನಾತ್ಸಿಗಳ ಕೈಯಿಂದ ಫ್ರಾಯ್ಡ್ ಕುಟುಂಬ ಪಾರಾಗಲು ನೆರವಾದವರು. ಸಂಭೋಗದಲ್ಲಿ ತಮಗೆ ತೃಪ್ತಿ ಸಿಗುವುದಿಲ್ಲವೆಂಬ ಕೊರಗಿನಿಂದ, ಫ್ರಾಯ್ಡರನ್ನು ಕಾಣುವ ಮೊದಲೇ, 243 ಹೆಂಗಸರಲ್ಲಿ ಭಗಾಂಕುರಕ್ಕೂ ಯೋನಿಗೂ ನಡುವಿನ ಅಂತರವನ್ನು ಅಳೆದ ಮಾಹಿತಿಯನ್ನು 1924ರಲ್ಲಿ ಮರೆಹೆಸರಿನಲ್ಲಿ ಪ್ರಕಟಿಸಿದರು. ಆ ಅಂತರವನ್ನು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದ ಯೋಸೆಫ್ ಹಾಲ್ಬನ್ ಅವರಿಂದ 1927ರಲ್ಲಿ ಮಾಡಿಸಿಕೊಂಡರು. ಫಲ ಸಿಗದೆ ಮತ್ತೆಯೂ ಕತ್ತಿಗೆ ಒಡ್ಡಿಕೊಂಡರು. ಶಸ್ತ್ರಚಿಕಿತ್ಸೆ ಫ್ರಾಯ್ಡರ ಸಲಹೆಯಲ್ಲ, ಅದನ್ನು ಅವರ ಮೇಲೆ ಹೊರಿಸುವುದು ತಪ್ಪು. ಆದರೆ ದೋಷ ತನ್ನ ದೇಹದಲ್ಲೇ ಇದೆಯೆಂದು ಇಷ್ಟು ಬುದ್ಧಿವಂತ ಹೆಣ್ಣು ನಂಬಿದ ಕಾಲದಲ್ಲಿ, ಆ ನಂಬಿಕೆಯನ್ನು ಅಲುಗಿಸಬೇಕಾಗಿದ್ದ ಶಾಸ್ತ್ರವು ಅದಕ್ಕೆ ಬುನಾದಿ ಹಾಕಿತು.

ಆಗ ಬೇರೆ ತಿಳಿವಳಿಕೆ ಇರಲಿಲ್ಲವೆಂದೂ ಹೇಳುವಂತಿಲ್ಲ. ಜರ್ಮನ್ ಅಂಗರಚನಾಶಾಸ್ತ್ರಜ್ಞ ಗೇಯೋರ್ಗ್ ಲುಡ್ವಿಗ್ ಕೋಬೆಲ್ಟ್ 1844ರಲ್ಲೇ ಭಗಾಂಕುರದ ಒಳರಚನೆಯನ್ನು ವಿವರವಾದ ಚಿತ್ರಗಳೊಂದಿಗೆ ಪ್ರಕಟಿಸಿದ್ದರು. ಲೈಂಗಿಕತೆಯ ಸಂಶೋಧಕರಾದ ಕಿನ್ಸಿ ಮತ್ತು ತಂಡ 1953ರಲ್ಲಿ, ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲಿ, ಎರಡು ಬಗೆಯ ಸುಖವೆಂಬ ವಿಭಜನೆಗೆ ದೇಹದಲ್ಲಿ ಆಧಾರವಿಲ್ಲವೆಂದರು. 1998ರಲ್ಲಿ ಆಸ್ಟ್ರೇಲಿಯಾದ ಮೂತ್ರಶಾಸ್ತ್ರ ತಜ್ಞೆ ಹೆಲೆನ್ ಓಕಾನೆಲ್ ಹೊರಗೆ ಕಾಣುವುದು ಆ ಅಂಗದ ಸಣ್ಣ ಭಾಗ ಮಾತ್ರ, ಉಳಿದದ್ದು ಮೂತ್ರನಾಳ ಮತ್ತು ಯೋನಿಯ ಎರಡೂ ಬದಿಗಳಲ್ಲಿ ಒಳಗೆ ಹಬ್ಬಿದೆ ಎಂದು ತೋರಿಸಿದರು. ಒಂದರಿಂದ ಇನ್ನೊಂದಕ್ಕೆ ವರ್ಗವಾಗಬೇಕು ಎನ್ನಲು ಅವು ಅಷ್ಟು ಬೇರೆ ಬೇರೆಯಾಗಿ ಇರಲೇ ಇಲ್ಲ. ‘ನನ್ನಲ್ಲೇನೋ ಕೊರತೆಯಿದೆ ಡಾಕ್ಟ್ರೇ’ ಎಂದು ತಲೆ ತಗ್ಗಿಸಿ ಹೇಳುವ ಹೆಂಗಸರು ನನ್ನ ಕೋಣೆಗೆ ಇಂದಿಗೂ ಬರುತ್ತಾರೆ. ಅವರು ಫ್ರಾಯ್ಡರ ಹೆಸರನ್ನೂ ಕೇಳಿದವರಲ್ಲ. ಅವರಿಗೆ ನಾನು ಮೊದಲು ಮಾಡುವುದು ಚಿತ್ರ ಬರೆದು ತೋರಿಸುವುದು.

ಹಳೆಪುಟ

ನನ್ನ ಮೊದಲಿನ ಪ್ರಶ್ನೆ ಅವಸರದ್ದಾಗಿತ್ತು. ಓದಿದ ಮೇಲೆ ಕಾಲದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ವಿಯೆನ್ನಾ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗ ಹೆಂಗಸರಿಗೆ ತೆರೆದದ್ದು 1897ರಲ್ಲಿ, ವೈದ್ಯಕೀಯ ವಿಭಾಗ 1900ರಲ್ಲಿ. ಎಂದರೆ ಇಡಾ ಬವರ್ ಫ್ರಾಯ್ಡರ ಮನೆಯ ಮೆಟ್ಟಿಲು ಹತ್ತುತ್ತಿದ್ದ ವರ್ಷದವರೆಗೂ ಆ ಊರಿನಲ್ಲಿ ಹೆಣ್ಣೊಬ್ಬಳು ವೈದ್ಯಕೀಯ ಓದುವಂತಿರಲಿಲ್ಲ. ಅವಳ ಅಣ್ಣ ಒಟ್ಟೋ ಬವರ್ ಮುಂದೆ ಆಸ್ಟ್ರಿಯಾದ ವಿದೇಶಾಂಗ ಸಚಿವರಾದರು. ತಂಗಿಗೆ ಕೆಮ್ಮು ಉಳಿಯಿತು. ಇಂಥ ಮನೆಯಲ್ಲಿ ಹುಡುಗಿ ಅಣ್ಣನನ್ನು ಕಂಡು ಕರುಬಿದರೆ, ಅದರ ಕಾರಣವನ್ನು ದೇಹದಲ್ಲಿ ಹುಡುಕಬೇಕಾದ ಅಗತ್ಯವೇನು? ಅಮೆರಿಕದ ವಿಶ್ಲೇಷಕಿ ಕ್ಲಾರಾ ಥಾಂಪ್ಸನ್ 1943ರಲ್ಲಿ ಇದನ್ನೇ ಸ್ಪಷ್ಟಪಡಿಸಿದರು: ಗಂಡಿಗೆ ಹೆಚ್ಚಿನ ಮನ್ನಣೆಯಿರುವ ಸಮಾಜದಲ್ಲಿ ಶಿಶ್ನವು ಆ ಮನ್ನಣೆಯ ಚಿಹ್ನೆ, ಅಸೂಯೆ ಇರುವುದು ಮನ್ನಣೆಯ ಮೇಲೆ.

ಫ್ರಾಯ್ಡರಿಗೆ ಈ ವಾದ ಹೊಸದೇನೂ ಆಗಿರಲಿಲ್ಲ. ಹೆಣ್ಣುಗಂಡಿನ ಸಮಾನತೆಯ ಪರ ವಾದಿಸಿದ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಕೃತಿಗಳ ಒಂದು ಸಂಪುಟವನ್ನು ಯುವಕರಾಗಿದ್ದಾಗ ಅವರೇ ಜರ್ಮನ್‌ಗೆ ಅನುವಾದಿಸಿದ್ದರು. ಹೆಣ್ಣಿನ ಮತಾಧಿಕಾರದ ಕುರಿತ ಪ್ರಬಂಧ ಅದರಲ್ಲಿತ್ತು. 1883ರಲ್ಲಿ ಭಾವೀ ಪತ್ನಿ ಮಾರ್ಥಾಗೆ ಬರೆದ ಕಾಗದದಲ್ಲಿ, ಗಂಡಸರಂತೆ ಹೆಂಗಸರನ್ನೂ ಜೀವನದ ಹೋರಾಟಕ್ಕೆ ಕಳಿಸುವ ಆಲೋಚನೆ ಹುಟ್ಟುವ ಮೊದಲೇ ಸತ್ತದ್ದು, ತಮ್ಮ ಕೋಮಲ ಹುಡುಗಿಯನ್ನು ಪ್ರತಿಸ್ಪರ್ಧಿಯಾಗಿ ಕಲ್ಪಿಸಿಕೊಳ್ಳಲಾರೆ ಎಂದರು. ಮನೋವಿಶ್ಲೇಷಣೆ ಆಗ ಹುಟ್ಟಿಯೇ ಇರಲಿಲ್ಲ. ಹೆಣ್ಣಿನ ಸ್ಥಾನದ ಬಗೆಗಿನ ತೀರ್ಮಾನ ಮೊದಲು ಬಂತು, ಅದರ ಪುರಾವೆ ಆಮೇಲೆ ಬಂತು.

ಗುಬ್ಬಿಗೂಡು

ಈ ಚರ್ಚೆಗೆ ನಮ್ಮ ಕಡೆಯ ಎರಡು ನಿಜವಾದ ಕೊಂಡಿಗಳಿವೆ. ಬಲವಂತವಾಗಿ ತರುತ್ತಿಲ್ಲ, ಎರಡೂ ಫ್ರಾಯ್ಡರ ವಾದವನ್ನೇ ನೇರವಾಗಿ ಮುಟ್ಟುತ್ತವೆ.

ಮೊದಲನೆಯದು ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದವರು, ಫ್ರಾಯ್ಡರೊಂದಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪತ್ರವ್ಯವಹಾರ ನಡೆಸಿದವರು. ತಮ್ಮ ಬಂಗಾಳಿ ಗಂಡು ರೋಗಿಗಳಲ್ಲಿ ಶಿಶ್ನಛೇದದ ಭಯ (ಶಿಕ್ಷೆಯಾಗಿ ಶಿಶ್ನವನ್ನು ಕತ್ತರಿಸಿಬಿಡುತ್ತಾರೆಂಬ ಗಂಡುಮಗುವಿನ ಭಯ) ಫ್ರಾಯ್ಡ್ ಹೇಳಿದಂತೆ ಕಾಣುವುದಿಲ್ಲ, ಅದರ ಹಿಂದೆ ಹೆಣ್ಣಾಗಬೇಕೆಂಬ ಬಯಕೆಯೇ ಇರುತ್ತದೆ, ಆ ಬೆದರಿಕೆಗೆ ಬಲ ಬರುವುದು ಈ ಬಯಕೆಯಿಂದಲೇ ಎಂದು 1929ರಲ್ಲಿ ಬೋಸ್ ಫ್ರಾಯ್ಡರಿಗೆ ಬರೆದರು. ಗಮನಿಸಿ: ಹಾರ್ನೈ ಬರ್ಲಿನ್ನಿನಲ್ಲಿ ಗಂಡಸರೊಳಗೆ ಕಂಡದ್ದನ್ನೇ ಹೋಲುವ ಒಂದು ಬಯಕೆಯನ್ನು ಬೋಸ್ ಕಲ್ಕತ್ತೆಯಲ್ಲಿ ಕಂಡರು. ಫ್ರಾಯ್ಡ್ ಆಸಕ್ತಿ ತೋರಿದರು, ಸೌಜನ್ಯದಿಂದ ಉತ್ತರಿಸಿದರು, ಸಿದ್ಧಾಂತವನ್ನು ಬದಲಿಸಲಿಲ್ಲ.

ಎರಡನೆಯದು ಮೈಸೂರಿನಲ್ಲಿ ಹುಟ್ಟಿದ ನಮ್ಮ ಎ. ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಮುದುಕಿಯೊಬ್ಬಳ ಬಾಯಿಂದ ಕೇಳಿ ಬರೆದುಕೊಂಡ ಒಂದು ಕನ್ನಡ ಕಥೆ. ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಹೆರುತ್ತಾಳೆಂಬ ಹಣೆಬರಹದೊಂದಿಗೆ ಒಬ್ಬ ಹುಡುಗಿ ಹುಟ್ಟುತ್ತಾಳೆ. ಅದನ್ನು ತಪ್ಪಿಸಲು ಗಂಡಸಿನ ಸುಳಿವೇ ಇಲ್ಲದ ಕಾಡು ಸೇರುತ್ತಾಳೆ. ಅರಸನೊಬ್ಬ ಮೂತ್ರ ಮಾಡಿದ ಮರದ ಮಾವಿನಹಣ್ಣು ತಿಂದು ಬಸಿರಾಗುತ್ತಾಳೆ. ಹುಟ್ಟಿದ ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಬೆಳೆದ ಮಗ ಬೇಟೆಗೆ ಬಂದು ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವರಿಗೆ ಮಗುವಾದಾಗ, ತಂದೆಯ ಹಳೆಯ ಬಟ್ಟೆಯನ್ನೇ ಮಗುವಿಗೆ ಹಾಸುವ ಪದ್ಧತಿಯಂತೆ ಪೆಟ್ಟಿಗೆಯಿಂದ ತೆಗೆದ ಬಟ್ಟೆ ಅವಳದೇ ಸೀರೆಯ ತುಂಡು. ಆ ರಾತ್ರಿ ತೊಟ್ಟಿಲಿನ ಮಗುವನ್ನು ಮಗನೆಂದೂ ಮೊಮ್ಮಗನೆಂದೂ ಗಂಡನ ತಮ್ಮನೆಂದೂ ಕರೆದು ಜೋಗುಳ ಹಾಡಿ ಮಲಗಿಸಿ, ಸೀರೆಯನ್ನೇ ಹಗ್ಗ ಮಾಡಿ ನೇಣು ಹಾಕಿಕೊಳ್ಳುತ್ತಾಳೆ.

ರಾಮಾನುಜನ್ ತಮ್ಮ ಪ್ರಬಂಧದಲ್ಲಿ ಇದನ್ನು, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್‌ನ ಕಥೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಗ್ರೀಕ್ ಕಥೆಯಲ್ಲಿ ಹಣೆಬರಹ ಮಗನದು, ಹುಡುಕಾಟ ಮಗನದು, ಅರಿವು ಮಗನದು. ತಾಯಿ ಯೊಕಾಸ್ಟಾ ಅವನ ದುರಂತದ ಒಂದು ಭಾಗ. ಕನ್ನಡದ ಕಥೆಯಲ್ಲಿ ಓಡುವವಳು ತಾಯಿ, ಗುರುತು ಹಿಡಿಯುವವಳು ತಾಯಿ, ಮಾತನಾಡುವವಳು ತಾಯಿ. ಕಥೆ ಹೇಳಿದವಳೂ ಹೆಣ್ಣು. ಮಗನಿಗೆ ವಿಷಯವೇ ತಿಳಿಯುವುದಿಲ್ಲ. ಗಂಡುಮಗುವಿನ ಕಥೆಯೊಂದನ್ನು ಎಲ್ಲ ಮನಸ್ಸುಗಳ ಮಾದರಿಯಾಗಿ ಇಟ್ಟುಕೊಂಡು, ಹೆಣ್ಣಿನ ಬೆಳವಣಿಗೆಯನ್ನು ಅದರ ತಿರುಗುಮುರುಗು ರೂಪವಾಗಿ ಹೊಲಿಯುವ ಕಷ್ಟ ಫ್ರಾಯ್ಡರಿಗೆ ಏಕೆ ಬಂತೆಂಬುದು ಈ ಕಥೆಯನ್ನು ಕೇಳಿದ ಮೇಲೆ ನನಗೆ ಹೊಳೆಯಿತು. ತಾಯಿಯ ಕಡೆಯಿಂದ ಹೇಳಿದ ಕಥೆ ಅವರ ಕೈಯಲ್ಲಿ ಇರಲಿಲ್ಲ.

ತುಂಗಾತೀರ

ಗುಬ್ಬಿಗೂಡು ಅವರ ಬರಹಕ್ಕೆ ಕೃತಜ್ಞ. ಒಂದು ಸೇರ್ಪಡೆ: 1931ರ ಹೊತ್ತಿಗೆ ಫ್ರಾಯ್ಡರಿಗೆ ಆ ಕೊರತೆ ಕಾಣತೊಡಗಿತ್ತು. ಹೆಣ್ಣುಮಗುವಿಗೆ ತಾಯಿಯ ಮೇಲಿರುವ ಮೊದಲ ಒಲವು ತಾವು ಎಣಿಸಿದ್ದಕ್ಕಿಂತ ಬಹಳ ಗಾಢ, ಬಹಳ ದೀರ್ಘ ಎಂದು ಒಪ್ಪಿ, ಗ್ರೀಕ್ ನಾಗರಿಕತೆಯ ಅಡಿಯಲ್ಲಿ ಅದಕ್ಕೂ ಹಳೆಯ ಮಿನೋವನ್–ಮೈಸೀನಿಯನ್ ನಾಗರಿಕತೆಯ ಪದರ ಸಿಕ್ಕಂತೆ ಎಂದು ಹೋಲಿಸಿದರು. ಗಂಡು ವಿಶ್ಲೇಷಕನಾದ ತಮಗೆ ಸಿಗದೆ ಹೋದದ್ದು ಯಾನ್ ಲಾಂಪ್ಲ್ ಡಿ ಗ್ರೂಟ್, ಹೆಲೆನ್ ಡಾಯ್ಚ್ ಮುಂತಾದ ವಿಶ್ಲೇಷಕಿಯರಿಗೆ ಸಿಕ್ಕಿತೆಂದೂ ಬರೆದರು. ಬಾಗಿಲು ಅರ್ಧ ತೆರೆದಿತ್ತು.

ಹೊಂಗೆನೆರಳು ಅವರು ಎತ್ತಿದ 1940ರ ಮಾತಿಗೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ. ವಿದ್ಯಾರ್ಥಿಗಳಿಗೆ ಆ ಪುಸ್ತಕವನ್ನು ಕಲಿಸುವಾಗ ಆ ವಾಕ್ಯವನ್ನು ದಾಟಿಕೊಂಡು ಹೋಗಿದ್ದೇನೆ, ಅದು ನನ್ನ ತಪ್ಪು. ಆದರೂ ಸ್ತ್ರೀವಾದಿ ಚಿಂತಕಿ ಜೂಲಿಯೆಟ್ ಮಿಚೆಲ್ 1974ರಲ್ಲಿ ಮಾಡಿದ ವಾದವನ್ನು ನಾನು ಬಿಡಲಾರೆ: ಪಿತೃಪ್ರಧಾನ ಸಮಾಜ ಹೀಗಿರಬೇಕೆಂದು ಫ್ರಾಯ್ಡ್ ಶಿಫಾರಸು ಮಾಡುತ್ತಿಲ್ಲ, ಅದು ಮನಸ್ಸಿನೊಳಗೆ ಹೇಗೆ ಇಳಿಯುತ್ತದೆಂದು ತೋರಿಸುತ್ತಿದ್ದಾರೆ, ಆ ಉಪಕರಣವನ್ನು ಎಸೆದರೆ ನಷ್ಟ ಹೆಂಗಸರದೇ.

ಕಿಟಕಿಬೆಳಕು

ಮಿಚೆಲ್ ಅವರ ವಾದವನ್ನು ನಾನೂ ಗೌರವಿಸುತ್ತೇನೆ. ಉಪಕರಣವನ್ನು ಎಸೆಯಬೇಕೆಂದು ನಾನು ಹೇಳಿಲ್ಲ. ಹಾರ್ನೈ ಅದೇ ಉಪಕರಣವನ್ನು ಹಿಡಿದೇ ಉತ್ತರಿಸಿದರು. ಆದರೆ ಶಿಫಾರಸಲ್ಲ, ವಿವರಣೆ ಮಾತ್ರ ಎನ್ನಬೇಕಾದರೆ ವಿವರಿಸಲ್ಪಟ್ಟವರು ಅದನ್ನು ತಿದ್ದಲು ಅವಕಾಶವಿರಬೇಕು. 1937ರ ಪ್ರಬಂಧದಲ್ಲಿ ಪರೋಕ್ಷ ಸಾಕ್ಷ್ಯ ಬೇಕೆಂದು ಫ್ರಾಯ್ಡ್ ಹೇಳುತ್ತಾರೆ, ನಿಜ. ಆ ಸಾಕ್ಷ್ಯ ಯಾವುದು, ಅದು ಸಾಕೇ ಎಂದು ತೀರ್ಮಾನಿಸುವವರು ಅಲ್ಲಿಯೂ ವಿಶ್ಲೇಷಕರೇ. ಹಾರ್ನೈ ಅವರಿಗೆ ಏನಾಯಿತು ನೋಡಿ. 1932ರಲ್ಲಿ ಅಮೆರಿಕಕ್ಕೆ ಹೋದ ಅವರನ್ನು 1941ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಣಾ ಸಂಸ್ಥೆಯು ತರಬೇತಿ ಕೊಡುವ ಸ್ಥಾನದಿಂದ ಇಳಿಸಿತು. ಅವರು ಸಂಗಡಿಗರೊಂದಿಗೆ ಹೊರನಡೆದು ಬೇರೆ ಸಂಸ್ಥೆ ಕಟ್ಟಿದರು. ಅವರೊಂದಿಗೆ ಹೊರಬಂದವರಲ್ಲಿ ಕ್ಲಾರಾ ಥಾಂಪ್ಸನ್ ಒಬ್ಬರು.

ಹಳೆಪುಟ

ಕೊನೆಯದಾಗಿ ಒಂದು ಪ್ರಶ್ನೆ. ಎದ್ದುಹೋದ ಮೇಲೆ ಇಡಾ ಬವರ್ ಏನಾದರು?

ಕಿಟಕಿಬೆಳಕು

ಅವರು ಆ ಎರಡು ಕುಟುಂಬಗಳ ಎದುರು ತಾವೇ ಹೋಗಿ ನಿಂತರು. ಚಿಕಿತ್ಸೆ ಬಿಟ್ಟ ಕೆಲವೇ ತಿಂಗಳಲ್ಲಿ, ಆ ಸ್ನೇಹಿತನ ಮನೆಯಲ್ಲಿ ಮಗುವೊಂದು ತೀರಿಕೊಂಡಾಗ ಸಂತಾಪಕ್ಕೆ ಹೋದವರು ಹೆಂಡತಿಗೆ, ನಿಮಗೂ ನನ್ನ ತಂದೆಗೂ ಇರುವ ಸಂಬಂಧ ನನಗೆ ಗೊತ್ತು ಎಂದರು, ಆಕೆ ಅಲ್ಲಗಳೆಯಲಿಲ್ಲ. ಗಂಡನಿಂದ ಸರೋವರದ ಘಟನೆ ನಿಜವೆಂದು ಹೇಳಿಸಿದರು. ಆ ಒಪ್ಪಿಗೆಯನ್ನು ತಂದೆಗೆ ತಂದು ಒಪ್ಪಿಸಿದರು. 1902ರ ಏಪ್ರಿಲ್ 1ರಂದು ಮುಖದ ನರನೋವಿಗೆಂದು ಫ್ರಾಯ್ಡರಲ್ಲಿಗೆ ಮತ್ತೊಮ್ಮೆ ಬಂದಾಗ ಇದನ್ನೆಲ್ಲ ಹೇಳಿದರು. ಇನ್ನೂ ಪೂರ್ಣವಾಗಿ ಗುಣಪಡಿಸುವ ತೃಪ್ತಿಯನ್ನು ತಮ್ಮಿಂದ ಕಸಿದದ್ದಕ್ಕಾಗಿ ಅವಳನ್ನು ಕ್ಷಮಿಸುವುದಾಗಿ ಮಾತು ಕೊಟ್ಟೆನೆಂದು ಫ್ರಾಯ್ಡ್ ಬರೆಯುತ್ತಾರೆ.

1903ರಲ್ಲಿ ಮದುವೆಯಾದರು, ಒಬ್ಬ ಮಗ ಹುಟ್ಟಿದ. 1922ರಲ್ಲಿ ಕಿವಿಯ ತೊಂದರೆಗೆಂದು ಅವರನ್ನು ನೋಡಲು ಕರೆಸಲಾದ ವೈದ್ಯರು ಫೆಲಿಕ್ಸ್ ಡಾಯ್ಚ್, ಮೇಲೆ ಬಂದ ಹೆಲೆನ್ ಡಾಯ್ಚ್ ಅವರ ಪತಿ. ತಾನೇ ಆ ಡೋರಾ ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರಂತೆ. ಯಹೂದಿ ಮೂಲದವರಾಗಿದ್ದರಿಂದ ನಾತ್ಸಿಗಳು ಬಂದ ಮೇಲೆ ವಿಯೆನ್ನಾ ಬಿಡಬೇಕಾಯಿತು. 1945ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಹನ್ನೆರಡು ವರ್ಷಗಳ ನಂತರ ಫೆಲಿಕ್ಸ್ ಡಾಯ್ಚ್ ಮನೋವಿಶ್ಲೇಷಣೆಯ ಪತ್ರಿಕೆಯೊಂದರಲ್ಲಿ ಅವರ ಕುರಿತು ಲೇಖನ ಬರೆದು, ತಾನು ಕಂಡ ಅತ್ಯಂತ ಜುಗುಪ್ಸೆ ಹುಟ್ಟಿಸುವ ಹಿಸ್ಟೀರಿಯಾ ರೋಗಿಗಳಲ್ಲಿ ಆಕೆಯೂ ಒಬ್ಬಳೆಂದು ಹೆಸರಿಲ್ಲದ ಒಬ್ಬ ಮಾಹಿತಿದಾರ ಹೇಳಿದ ಮಾತನ್ನು ಅದರಲ್ಲಿ ಸೇರಿಸಿದರು.